ರಾಕ್ಷಸರಿಗೆ ಊಟಕ್ಕ ಹಾಕೂ ನಾದಿನಿ

ನಮ್ಮ ನಾದಿನಿ ಇಲ್ಲೀತನಕ ಹದಿನಾಲ್ಕು ಮಂದಿ ರಾಕ್ಷಸರಿಗೆ ಹೊಟ್ಟಿ ತುಂಬ ಊಟಕ್ಕ ಹಾಕ್ಯಾಳ. ಒಬ್ಬರನ್ನೂ ಕೊಂದಿಲ್ಲ. ಕೊಲ್ಲೂದs ಈ ಆಟದಾಗಿನ ಮುಖ್ಯ ಕೆಲಸ ಅಂತ ಮೊಮ್ಮಗಳು ಹೇಳಿ ಹೇಳಿ ಸೋತಳು. "ಉಣ್ಣಾಕ ಕುಂತವನ್ನ ಹೆಂಗ ಕೊಲ್ಲೂದವಾ?" ಅಂತಾಳ ಈಕಿ. ನೀವs ಹೇಳ್ರಿ, ಹೆಂಗ ಕೊಲ್ಲೂದು?

ಗಾಬರಿ ಆಗಬ್ಯಾಡ್ರಿ, ಇದು ಆಟ. ಮೊಮ್ಮಗಳು ಬಾಗಲಕೋಟಿ ಕಾಲೇಜಿನಾಗ ಓದತಾಳ. ಒಮ್ಮೆ ರಜಾಕ್ಕ ಇಳಕಲ್ಲಿಗೆ ಬರೂವಾಗ ದಪ್ಪನ್ನ ಇಂಗ್ಲಿಷ್ ಪುಸ್ತಕ ತಂದ್ಲು. ಮ್ಯಾಲ ಬೆಂಕಿ ಉಗಳೂ ಡ್ರ್ಯಾಗನ್ ಚಿತ್ರ. ಒಬ್ಬರು ಕಥಿ ಹೇಳಬೇಕು, ಉಳದವರು ಆ ಕಥಿಯಾಗಿನ ವೀರರಾಗಿ 'ನಾ ಹಿಂಗ ಮಾಡ್ತೇನಿ, ಹಂಗ ಮಾಡ್ತೇನಿ' ಅನಬೇಕು. ಆಗ್ತೈತೋ ಇಲ್ಲೋ ಅಂತ ದಾಳ ಹೇಳ್ತೈತಿ. ಇಪ್ಪತ್ತು ಮುಖದ ದಾಳ! ಅದು ಮೊದಲನೇ ದಿನಾನs ಕಪಾಟಿನ ಕೆಳಗ ಹೋಗಿ ಕುಂತತು. ಅವತ್ತಿಂದ ಕವಡಿ.

ಕಥಿ ಹೇಳಾಕ ಬಾಜೂ ಮನಿ ಆಪಾ. ಆಪಾ, ನಾದಿನಿ ಇಬ್ರೂ ಒಂದs ಪಾವರ್‌ಲೂಮ್ ಶೆಡ್ಡಿನಾಗ ಎದುರಾಬದರಾ ಕುಂತು ವರ್ಷಾನುಗಟ್ಟಲೆ ಕಂಡಕಿಗೆ ನೂಲು ಸುತ್ತಿದವರು. ಆ ಮಗ್ಗದ ಗದ್ದಲದಾಗ ಕಿವಿ ಎಲ್ಲಿ ಕೇಳಬೇಕು? ಅವರದ್ದು ಎಲ್ಲಾ ಕೈಸನ್ನಿ ಮ್ಯಾಲ ಮಾತು. ನಾ ಚಾ ತಗೊಂಡು ಹೋದ್ರ ಸಾಕು, ಇಬ್ರೂ ಕಿವಿ ಹಂತೇಕ ಬೆರಳು ತಿರುವಿ ನಗತಿದ್ರು. ಏನ್ರೇ ಅದು ಅಂದ್ರ ಹೇಳವಲ್ರು. ನನ್ನ ತಲಿ ಸ್ಕ್ರೂ ಸಡಲಾಗೈತಿ ಅಂತಾರೇನೋ ಅನಕೊಂಡು ಮೂವತ್ತು ವರ್ಷ ಸಿಟ್ಟು ಕಟಗೊಂಡು ಕುಂತಿದ್ನಿ.

ಆಪಾ ರಾಕ್ಷಸನ ದನಿ ತಗದ್ರ ನಮ್ಮ ಬೆಕ್ಕು ಮನಿ ಬಿಟ್ಟು ಹೋಗತಿತ್ತು. ಅಂಥಾಕಿಗೆ ಹೋದ ಬ್ಯಾಸಗಿಯೊಳಗ ಲಕ್ವಾ ಹೊಡೀತು. ದವಾಖಾನಿಯಿಂದ ಮನಿಗೆ ಬಂದ್ಲು, ಖರೆ ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಬಾಯಿ ತಗದ್ರ ತುಂಡು ತುಂಡು ಶಬ್ದ. ಮಾತಾಡಿಸಾಕ ಹೋದವರಿಗೆ ಬೆನ್ನು ಮಾಡಿ ಗ್ವಾಡಿಕಡೆ ಮಕ ಮಾಡಿ ಮಲಗತಿದ್ಲು. ಆಪಾ ಆಟಕ್ಕ ತಿರುಗಿ ಬರ್ತಾಳೋ ಇಲ್ಲೋ, ಇದೊಂದs ಚಿಂತಿ ಆತು ನಾದಿನಿಗೆ.

ಚಿಂತಿ ಆದ್ರ ಕೆಲವರು ದೇವರ ನೆನಸ್ತಾರ, ಕೆಲವರು ಅಳತಾರ. ಈಕಿ ರೂಲು ಬರಿಯಾಕ ಕುಂತ್ಲು.

ಮೊದಲs ಬರೀತಿದ್ಲು ಅನ್ರಿ. ಸೀರಿ ಪಾಕೀಟಿನಾಗ ಇಡ್ತಾರಲ್ಲ ರಟ್ಟು, ಅದರ ಮ್ಯಾಲ. "ಈ ಪುಸ್ತಕದಾಗ ಕತ್ತಿ ಭಾರ ಎಷ್ಟು ಅಂತ ಬರದಾರ, ಬುತ್ತಿದು ಒಂದು ಮಾತಿಲ್ಲ" ಅಂತ ಆಕಿ ತಕರಾರು. ಒಂದನೇ ರೂಲು: ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟಗೊಳ್ಳಲಾರದ ಹೊಂಟ ವೀರನ ಅರ್ಧ ಶಕ್ತಿ ಹುನಗುಂದ ಮುಟ್ಟೂದರಾಗ ಖಲಾಸ್. ಎರಡನೇದು: ನಿಮ್ಮ ರೊಟ್ಟಿ ಉಂಡ ರಾಕ್ಷಸ ಆ ದಿನ ನಿಮ್ಮ ಜೋಡಿ ಬಡದಾಡಂಗಿಲ್ಲ, ನೀವು ಅವನ್ನ ಉಂಡಿದ್ರೂ ಹಂಗs.

"ಅಂದ್ರ ನಾವು ರಾಕ್ಷಸನ್ನ ತಿನ್ನಬೇಕೇನು?" ಅಂದ್ನಿ.

"ಅವನ ಮನ್ಯಾಗಿಂದು ಉಂಡಿದ್ರ ಅಂತರೀ ವೈನಿ. ತಿದ್ದಿ ಬರೀತೇನಿ, ಕೊಡ್ರಿ ಇಲ್ಲೆ."

ಡ್ರ್ಯಾಗನ್ನಿಗೆ ಬಾದಾಮಿ ಗುಡ್ಡದಾಗ ಮನಿ ಮಾಡಿ ಕೊಟ್ಟಳು. ಬಾದಾಮಿ ಅಂದ ಮ್ಯಾಲ ಮಂಗ್ಯಾ ಇರಲಾರದ ಹೆಂಗ? ನನ್ನ ವೀರ ಮೂರು ದಿನ ನಡದು ಗುಡ್ಡ ಹತ್ತಿದ, ಒಂದು ಮಂಗ್ಯಾ ಬಂದು ಕೈಯಾಗಿನ ಮಾಯದ ಕತ್ತಿ ಕಸಗೊಂಡು ಹೋತು. ಬಾಳಿಹಣ್ಣು ಕೊಟ್ರೂ ಕೊಡಲಿಲ್ಲ. ಪಾಪ, ಆ ಡ್ರ್ಯಾಗನ್ನs ಇಳದು ಬಂದು ಸಮಾಧಾನ ಮಾಡ್ತು.

ಇಂಥಾವನ್ನೆಲ್ಲ ಈ ಆಟದ ಹುಚ್ಚಿನವರು ಫೋನಿನಾಗ ಒಬ್ಬರಿಗೊಬ್ಬರು ಹಂಚಕೊಳ್ತಾರಂತ. ಮೊಮ್ಮಗಳು ನನ್ನ ಆ ಗುಂಪಿಗೆ ಸೇರಿಸಿ, ಟೈಪ್ ಮಾಡೂದು ಕಲಿಸಿ ಹೋದ್ಲು. ಒಂದು ರೂಲು ಒತ್ತಾಕ ಒಂದು ಮಧ್ಯಾಹ್ನ. ನಾನೂ ಪುಕ್ಕಟೆ ಯಾಕ ದುಡೀಬೇಕು? ನಡುವ ನಂದೊಂದು ರೂಲು ತುರುಕಿದ್ನಿ: 'ದಾರಿಯೊಳಗ ವೈನಿ ಸಿಕ್ರ ಆಕಿ ಹೇಳಿದಂಗ ಕೇಳಬೇಕು.' ಹುಬ್ಬಳ್ಳಿಯಿಂದ ಯಾರೋ ಕೇಳಿದ್ರು: 'ಈ ವೈನಿ ಅನ್ನೂ ಪ್ರಾಣಿಗೆ ಶಕ್ತಿ ಎಷ್ಟು?' ನಾದಿನಿ ನನ್ನ ಕೈಯಾಗಿಂದ ಫೋನ್ ಕಸಗೊಂಡು, "ಬಾಯಾಗ ಭಾಳ, ಮೊಣಕಾಲಾಗ ಇಲ್ಲ ಅಂತ ಒತ್ರಿ" ಅಂತ ತಿರುಗಿ ಕೊಟ್ಟಳು. ಒತ್ತಿದ್ನಿ, ಏನ ಮಾಡೂದು.

ಆಪಾ ಹಾಸಿಗಿ ಹಿಡದ ಮ್ಯಾಲ ಬರದ ರೂಲು ನೋಡಿ ಮಾತ್ರ ಈಕಿಗೆ ಖರೇನs ತಲಿ ಕೆಟ್ಟತು ಅನಕೊಂಡ್ನಿ. ಒಂದು ಹೊಸಾ ದೇಶ. ಅಲ್ಲೆ ನೆಲದಾಗ ಗುಡ್ಡದಂಥ ಮಗ್ಗ ಹಗಲೂ ರಾತ್ರಿ ನಡೀತೈತಿ, ಯಾರ ಮಾತೂ ಯಾರಿಗೂ ಕೇಳಂಗಿಲ್ಲ. ಹಿಂಗಾಗಿ ಆಟ ಮುಗಿಯೂತನಕ ಯಾರೂ ಬಾಯಿ ಬಿಡಂಗಿಲ್ಲ, ಎಲ್ಲಾ ಕೈಲೆ ಹೇಳಬೇಕು. ಬಾಯಿ ಬಿಟ್ಟವರು ಒಂದು ಸರತಿ ಕಳಕೋಬೇಕು.

"ಇದನ್ನ ಯಾರು ಆಡ್ತಾರ?" ಅಂದ್ನಿ. "ಹಲ್ಲು ಹೋದ್ರೂ ಮಾತು ಬಿಡದ ಮುದುಕಿ ನಾ."

"ನಿಮಗ ಅಲ್ರೀ ವೈನಿ ಇದು" ಅಂದು ರಟ್ಟು ಎತ್ತಿಟ್ಟಳು. ಆಮ್ಯಾಲ, "ನಿಮ್ಮ ಫೋನಿನಾಗ ಮಗ್ಗದ ಸಪ್ಪಳ ಹಿಡಿಯಾಕ ಬರ್ತೈತೇನ್ರಿ?" ಅಂದ್ಲು. ಆವಾಗ ನನ್ನ ತಲಿಗೆ ಹೋತು ನೋಡ್ರಿ.

ಐತವಾರ ಮುಂಜಾನೆ ಹೇಳಲಾರದ ಕೇಳಲಾರದ ಆಪಾನ ಮನಿಗೆ ಹೋದ್ವಿ. ಮೊಮ್ಮಗಳೂ ಬಂದಿದ್ಲು. ಆಪಾ ಎಂದಿನಂಗ ಗ್ವಾಡಿಕಡೆ ಹೊಳ್ಳಿದ್ಲು. ನಾದಿನಿ ಜಮಖಾನಿ ಹಾಸಿ ಕವಡಿ ಇಟ್ಟು ನನ್ನ ಕಡೆ ನೋಡಿದ್ಲು. ನಾ ಫೋನ್ ಒತ್ತಿದ್ನಿ. ಖಟಾಖಟ್ ಖಟಾಖಟ್, ಮನಿ ತುಂಬ ಶೆಡ್ಡು.

ಆಪಾ ಹೊಳ್ಳಿ ನೋಡಿದ್ಲು.

ನಾದಿನಿ ಎರಡು ಬೆರಳು ಕೂಡಿಸಿ ಫಟ್ಟನ ಬಿಡಿಸಿದ್ಲು. ಎಳಿ ಹರದೈತಿ ಅಂತಂತ, ಆಮ್ಯಾಲ ತಿಳೀತು. ಆಪಾ ಭಾಳ ಹೊತ್ತು ಆ ಬೆರಳs ನೋಡಿದ್ಲು. ಆಮ್ಯಾಲ ಆಕಿ ಎಡಗೈ ಸಾವಕಾಶ ಮ್ಯಾಲ ಬಂತು, ಗಾಳಿಯೊಳಗ ಒಂದು ಗಂಟು ಹಾಕಿತು.

ಆಪಾನ ಸೊಸಿ ಓಡಿ ಬಂದು ತಲಿದಿಂಬು ಕೊಟ್ಟು ಆಕಿನ್ನ ಎಬ್ಬಿಸಿ ಕುಂದರಿಸಿದ್ಲು. ಮುಂದ ಏನ ಕೇಳ್ತೀರಿ! ಇಬ್ರದ್ದೂ ಕೈ, ಹುಬ್ಬು, ಗಲ್ಲ ಎಲ್ಲಾ ಮಾತಾಡಾಕ ಹತ್ತಿದ್ವು. ಆಪಾನ ಒಂದು ಕೈಗೆ ನಮ್ಮ ಆರು ಕೈ ಸಾಲಲಿಲ್ಲ. ನಾ ಕತ್ತಿ ಹಿರದ್ನಿ, ಆಪಾ ಅದನ್ನ ಉಳ್ಳಾಗಡ್ಡಿ ಹೆಚ್ಚೂದು ಅಂತ ತಿಳದು ಕಣ್ಣೊರಸಿಕೊಂಡು ತೋರಿಸಿದ್ಲು. ತಡೀಲಾರದ "ಅಲ್ವಾ, ಅದು ಕತ್ತಿ" ಅಂದ್ನಿ. ಇಬ್ರೂ ಕೂಡೇ ಕಿವಿ ಹಂತೇಕ ಬೆರಳು ತಿರುವಿದ್ರು. ಅದs ಹಳೇ ಸನ್ನಿ. ನಾದಿನಿ ಮೊದಲನೇ ಸಲ ಅರ್ಥ ಹೇಳಿ ತನ್ನ ಸರತಿನೂ ಕಳಕೊಂಡ್ಲು: "ರೇಡಿಯೋ ಬಂತು ಅಂತ್ರೀ ವೈನಿ." ಆಪಾನ ಅರ್ಧ ಮಕ ನಗತು. ಆ ಅರ್ಧ ಸಾಕಾಗಿತ್ತು.

ಆಮ್ಯಾಲ ಆಪಾನ ರಾಕ್ಷಸ ಬಂದ, ಹದಿನೈದನೇದವ. ಆಪಾ ಭುಜ ಎತ್ತಿ, ಗಲ್ಲ ಉಬ್ಬಿಸಿ ನನ್ನ ಎದುರಿಗೆ ಬಗ್ಗಿದ್ಲು. ನಾ ಗಡಬಡಿಸಿ ಬುತ್ತಿ ಬಿಚ್ಚಾಕ ಹೋದ್ನಿ. ಆಪಾ ಬ್ಯಾಡ ಅಂತ ಕೈ ಮಾಡಿದ್ಲು. ನನ್ನ ಕಡೆ ತೋರಿಸಿ ಐದೂ ಬೆರಳು ಕೂಡಿಸಿ ತನ್ನ ಬಾಯಿಗೆ ಒಯ್ದು ಹುಬ್ಬು ಏರಿಸಿದ್ಲು. ಶೆಡ್ಡಿನ ಭಾಷಾದಾಗ ಯಾರೂ ಹೇಳಲಾರದ ನನಗ ತಿಳದದ್ದು ಅದೊಂದs.

ಊಟ ಆತೇನು?

ಸೊಸಿ ಒಳಗಿಂದ ರೊಟ್ಟಿ ತಂದಿಟ್ಟಳು. ಫೋನಿನ ಸಪ್ಪಳ ಯಾವಾಗ ನಿಂತಿತ್ತೋ, ಕೈಮಾತು ಮಾತ್ರ ನಡದs ಇತ್ತು. ಆಪಾ ಎಡಗೈಲೆ ಒಂದು ತುಂಡು ಮುರದು ನನ್ನ ಮುಂದ ಹಿಡದ್ಲು. ನಾ ಅದನ್ನ ಇಸಗೊಂಡು ಬಾಯಾಗ ಹಾಕ್ಕೊಂಡ್ನಿ.

ಉಂಡ ಮ್ಯಾಲ ಬಡದಾಡಂಗಿಲ್ಲ, ರೂಲು. ನಾ ಕತ್ತಿ ಕೆಳಗಿಟ್ನಿ.