ಮುಸ್ಸಂಜೆಯ ಟಾರ್ಚು

ಸಿಂಗಪುರದಲ್ಲಿ ಎಲ್ಲವೂ ಸಿಗುತ್ತದೆ, ಕತ್ತಲೆಯೊಂದನ್ನು ಬಿಟ್ಟು. ಜೋಳದ ಹಿಟ್ಟು ಸಿಗುತ್ತದೆ, ಬಿಲ್ವಪತ್ರೆ ಸಿಗುತ್ತದೆ, ಗುರೆಳ್ಳು ಚಟ್ನಿಪುಡಿ ಕೂಡ ಊರಿಂದ ಬಂದ ಯಾರದಾದರೂ ಸೂಟ್‌ಕೇಸಿನ ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಆದರೆ ಅಪ್ಪಟ ಕತ್ತಲೆ ಬೇಕೆಂದರೆ ಎಲ್ಲಿಗೆ ಹೋಗುವುದು? ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಇದ್ದಬದ್ದ ದೀಪವನ್ನೆಲ್ಲ ಆರಿಸಿದರೂ ಕಾರಿಡಾರಿನ ಟ್ಯೂಬ್‌ಲೈಟು ಬಾಗಿಲ ಸಂದಿಯಿಂದ ಒಳಗೆ ಇಣುಕುತ್ತದೆ, ಎದುರು ಬ್ಲಾಕಿನವರ ಅಡುಗೆಮನೆಗಳು ನಮ್ಮ ಹಾಲಿಗೆ ಬಿಟ್ಟಿ ಬೆಳಕು ಚೆಲ್ಲುತ್ತವೆ, ಕೆಳಗೆ ವಾಯ್ಡ್ ಡೆಕ್ ಎನ್ನುವ ಖಾಲಿ ನೆಲಮಹಡಿಯ ದೀಪಗಳಿಗಂತೂ ನಿದ್ದೆ ಎಂಬುದೇ ಗೊತ್ತಿಲ್ಲ. ನಾನು ಹುಟ್ಟಿ ಬೆಳೆದ ಗದಗಿನ ಕಡೆ ಹೀಗಿರಲಿಲ್ಲ. ಅಲ್ಲಿ ಕರೆಂಟು ಬಂದರೆ ಸುದ್ದಿ, ಹೋದರೆ ಏನೂ ಇಲ್ಲ. ಕತ್ತಲೆಯನ್ನು ಹೊಟ್ಟೆ ತುಂಬ ಉಂಡು ಬಂದವಳಾದ್ದರಿಂದ, ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ, ಬೆಳಕಿರುವ ಊರಿಗೆ ತಂದು ಹಾಕಿದೆಯಲ್ಲ ಶಿವನೇ, ಇದೇನು ಸಣ್ಣ ಉಪಕಾರವೇ ಎಂದು ನೆನೆಯುತ್ತೇನೆ. ಅಂಥವಳ ಮನೆಯೊಳಗಿಂದಲೇ ಒಂದು ದಿನ ಕತ್ತಲೆಗೆ ಅರ್ಜಿ ಬಂತು. ಅರ್ಜಿದಾರರು ನಮ್ಮ ಯಜಮಾನರು.

ಐವತ್ತು ದಾಟಿದ ಗಂಡಸರಿಗೆ ಈ ಊರಿನಲ್ಲಿ ಒಂದೊಂದು ಹುಚ್ಚು ಹಿಡಿಯುತ್ತದೆ. ಒಬ್ಬರು ಬಿಗಿಯಾದ ಚಡ್ಡಿ ಹಾಕಿಕೊಂಡು ಸೈಕಲ್ ಹತ್ತುತ್ತಾರೆ, ಇನ್ನೊಬ್ಬರು ಮೀನು ಸಾಕಿ ಅದರ ಮುಂದೆ ಕೂತು ಹೆಂಡತಿಗೆ ಆಡದ ಮಾತೆಲ್ಲ ಆಡುತ್ತಾರೆ. ಪಾಸಿರ್ ಪಂಜಾಂಗ್‌ನ ಹಡಗಿನ ಕಂಪನಿಯೊಂದರಲ್ಲಿ ಇಡೀ ದಿನ ಕಂಟೇನರುಗಳ ಲೆಕ್ಕ ನೋಡುವ ನಮ್ಮವರು ಪಿಸ್ತೂಲು ಹಿಡಿದರು. ಜಿರಲೆ ಕಂಡರೆ ನನ್ನನ್ನು ಕೂಗುವ ಮನುಷ್ಯ ಶೂಟಿಂಗ್ ಕ್ಲಬ್ಬಿಗೆ ಮೆಂಬರ್ ಆದರು. ನಾನು ತಡೆಯಲಿಲ್ಲ. ಈ ದೇಶದ ಕಾನೂನಿನ ಮೇಲೆ ನನಗೆ ದೇವರ ಮೇಲಿನಷ್ಟೇ ನಂಬಿಕೆ. ಪಿಸ್ತೂಲು ಕ್ಲಬ್ಬಿನ ಕಬ್ಬಿಣದ ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ, ಗುಂಡೊಂದು ಜೇಬಿನಲ್ಲಿ ಮನೆಗೆ ಬಂದರೂ ಯಜಮಾನರು ಜೈಲಿಗೆ. ಆಟಿಕೆ ಪಿಸ್ತೂಲು ತರಲಿಕ್ಕೂ ಇವರಿಗೆ ಧೈರ್ಯವಿಲ್ಲ. ಹೀಗಾಗಿ ವಾರಕ್ಕೊಮ್ಮೆ ಹೋಗಿ ಕಾಗದಕ್ಕೆ ತೂತು ಮಾಡಿ, ಆ ಕಾಗದವನ್ನು ಮಗನ ಮಾರ್ಕ್ಸ್‌ಕಾರ್ಡಿನಂತೆ ಸುರುಳಿ ಸುತ್ತಿಕೊಂಡು ಬರುತ್ತಿದ್ದರು. ನಮಗಿರುವವಳು ಒಬ್ಬಳೇ ಮಗಳು, ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಕೆಲಸ. ಅವಳ ಮಾರ್ಕ್ಸ್‌ಕಾರ್ಡನ್ನು ಇವರು ಇಷ್ಟು ಜೋಪಾನ ಮಾಡಿದ್ದು ನಾನು ಕಂಡಿಲ್ಲ.

ಅಷ್ಟರಲ್ಲಿ ಕ್ಲಬ್ಬಿನವರಿಗೆ ಇದ್ದಕ್ಕಿದ್ದಂತೆ ಮಂದ ಬೆಳಕಿನ ಸ್ಪರ್ಧೆ ನಡೆಸಬೇಕೆನ್ನಿಸಿತು. ಕೋಣೆಯ ದೀಪಗಳನ್ನು ಆರಿಸಿಬಿಡುತ್ತಾರೆ. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈಯಲ್ಲಿ ಟಾರ್ಚು. ಬೆಳಕು ಬಿಟ್ಟು ಗುರಿ ಹುಡುಕಬೇಕು, ಹೊಡೆಯಬೇಕು, ಬೆಳಕು ಆರಿಸಿ ಸರಿಯಬೇಕು, ಮತ್ತೆ ಹುಡುಕಬೇಕು. ಚೆನ್ನಾಗಿ ಮಾಡಿದವರಿಗೆ ಥಾಯ್ಲೆಂಡಿನಲ್ಲಿ ನಡೆಯುವ ಸ್ನೇಹಪಂದ್ಯಕ್ಕೆ ಹೋಗುವ ಕ್ಲಬ್ಬಿನ ತಂಡದಲ್ಲಿ ಜಾಗ. ದೀಪದ ಊರು ಕಟ್ಟಿಕೊಂಡು, ಅದರೊಳಗೆ ಕತ್ತಲೆ ಕೋಣೆ ಮಾಡಿಕೊಂಡು, ಆ ಕತ್ತಲೆಗೆ ಟಾರ್ಚು ಬಿಡುವುದಕ್ಕೆ ವಿದ್ಯಾವಂತರೇ ಬೇಕು. ಆದರೆ ನಗುವ ಹಾಗೂ ಇರಲಿಲ್ಲ. ಶಾಲೆಯಲ್ಲಿ ಕಬಡ್ಡಿ ಟೀಮಿಗೆ ಇವರನ್ನು ತಗೊಂಡಿರಲಿಲ್ಲ, ಆಫೀಸಿನ ಕ್ರಿಕೆಟ್ಟಿನಲ್ಲಿ ಇವರಿಗೆ ಕೊಟ್ಟದ್ದು ನೀರಿನ ಬಾಟಲಿ ಕಾಯುವ ಕೆಲಸ. ಹೆಸರು ಓದುವಾಗ ತಮ್ಮ ಹೆಸರು ಬರುವುದೆಂದು ಬೆನ್ನು ನೇರ ಮಾಡಿ ನಿಂತು, ಬಾರದೆ ಹೋದಾಗ ಶೂ ಲೇಸು ಕಟ್ಟಿಕೊಳ್ಳಲು ಬಗ್ಗುವ ಜಾತಿ. ಈ ಸಲವಾದರೂ ಹೆಸರು ಬರಬೇಕು ಎಂಬ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಸರಿ, ಮನೆಯಲ್ಲಿ ಅಭ್ಯಾಸ ಶುರುವಾಯಿತು. ಟಾರ್ಚು ತರಲಿಕ್ಕೆ ಅಡ್ಡಿಯಿಲ್ಲವಲ್ಲ, ತಂದರು. ಪಿಸ್ತೂಲಿನ ಬದಲಿಗೆ ನನ್ನ ಗ್ಯಾಸ್ ಲೈಟರ್. ಒತ್ತಿದರೆ 'ಟಿಕ್' ಎನ್ನುತ್ತದೆ, ಟ್ರಿಗರಿನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲವಂತೆ. ಒಲೆಯ ಬಟನ್ ಕೆಟ್ಟು ಎಷ್ಟೋ ಕಾಲವಾಗಿದೆ, ಅದನ್ನು ರಿಪೇರಿ ಮಾಡಿಸಲು ಸಮಯವಿಲ್ಲದ ಮಹಾನುಭಾವರು ಲೈಟರನ್ನೂ ಒಯ್ದರೆ ನಾನು ರೊಟ್ಟಿ ಬೇಯಿಸುವುದು ಯಾವ ಬೆಂಕಿಯಲ್ಲಿ? ಹೊಟ್ಟೆಯೊಳಗಿನದರಲ್ಲೇ.

ಟಾರ್ಚು ಹಿಡಿಯುವುದು ಎಂದರೆ ನಾವು ನೀವು ಹಿಡಿದ ಹಾಗಲ್ಲ, ಅದಕ್ಕೂ ಮನೆತನಗಳಿವೆ. ಮೊದಲನೆಯದು, ಎಡಗೈಯನ್ನು ಮೈಯಿಂದ ದೂರಕ್ಕೆ, ತಲೆಗಿಂತ ಎತ್ತರಕ್ಕೆ ಚಾಚಿ ಹಿಡಿಯುವುದು, ಬಸ್ಸಿನಲ್ಲಿ ಕಂಬಿ ಹಿಡಿದವರ ಹಾಗೆ. ಯಾಕೆಂದು ಕೇಳಿದೆ. ಎದುರಾಳಿ ಬೆಳಕಿಗೆ ಗುರಿಯಿಟ್ಟರೆ ಗುಂಡು ಟಾರ್ಚಿನ ಕಡೆ ಹೋಗಿ ನಾವು ಉಳಿಯುತ್ತೇವೆ ಎಂದರು.

"ನೀವು ಹೊಡಿಯೂದು ಕಾಗದಕ್ಕಲ್ರೀ? ಕಾಗದ ತಿರುಗಿ ಹೊಡೀತದೇನು?"

ಆ ವಿಧಾನ ಅವತ್ತಿಗೇ ಕೈಬಿಟ್ಟರು. ಎರಡನೆಯದರಲ್ಲಿ ಎರಡೂ ಮುಂಗೈ ಒಂದರ ಕೆಳಗೊಂದು ದಾಟಿಸಿ, ಕೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ ಹಿಡಿಯಬೇಕು. ಪೊಲೀಸರು ಬೇಡಿ ಹಾಕಿ ಕರೆದುಕೊಂಡು ಹೋಗುವಾಗ ಮನುಷ್ಯ ಹೀಗೇ ಕಾಣುತ್ತಾನೆ. ಎರಡು ದಿನಕ್ಕೆ ಇವರ ಭುಜ ಹಿಡಿದುಕೊಂಡಿತು, ನಾನು ಎಳ್ಳೆಣ್ಣೆ ಹಚ್ಚಿದೆ. ಮೂರನೆಯದರಲ್ಲಿ ಟಾರ್ಚನ್ನು ಎರಡು ಬೆರಳ ನಡುವೆ ಸಿಕ್ಕಿಸಿ, ಹಿಂಬದಿಯ ಗುಂಡಿಯನ್ನು ಅಂಗೈಯಿಂದ ಒತ್ತುವುದು, ಇಂಜೆಕ್ಷನ್ ಚುಚ್ಚುವ ನರ್ಸಿನ ಹಾಗೆ. ಕೊನೆಗೆ ಇವರಿಗೆ ಒಗ್ಗಿದ್ದು ಟಾರ್ಚನ್ನು ಕೆನ್ನೆಗೆ, ಕಿವಿಯ ಕೆಳಗೆ ಆನಿಸಿ ಹಿಡಿಯುವುದು. ಕಣ್ಣು ಹೋದಲ್ಲಿ ಬೆಳಕೂ ಹೋಗುತ್ತದೆ, ಬಲಗೈಗೆ ತನ್ನ ಪಾಡಿಗೆ ಗುರಿ ನೋಡಲು ಬಿಡುವಾಗುತ್ತದೆ. ನೋಡುವವರಿಗೆ ಮಾತ್ರ ಹಲ್ಲುನೋವಿನ ಮನುಷ್ಯ ಗ್ಯಾಸ್ ಲೈಟರ್ ಹಿಡಿದು ಡಾಕ್ಟರನ್ನು ಹುಡುಕುತ್ತಿರುವ ಹಾಗೆ ಕಾಣುತ್ತದೆ. ಮುಖ್ಯವಾದದ್ದು ಬೆಳಕನ್ನು ಉರಿಯಲು ಬಿಡದಿರುವುದು. ಬೇಕಾದಾಗ ಮಿಣಕ್, ಬೇಡವಾದಾಗ ಕತ್ತಲೆ. ಮದುವೆಯಾದಾಗಿನಿಂದ ಬಚ್ಚಲಮನೆಯ ದೀಪ ಒಮ್ಮೆಯೂ ಆರಿಸದ ಗಂಡ ಈ ವಿಷಯದಲ್ಲಿ ನನಗೇ ಪಾಠ ಹೇಳಿದರು. ಮರುಕ್ಷಣ ಫ್ರಿಜ್ಜಿನ ಹೊಳೆಯುವ ಬಾಗಿಲಿಗೆ ಟಾರ್ಚು ಬಿಟ್ಟು, ತಿರುಗಿ ಬಂದ ಬೆಳಕಿಗೆ ತಾವೇ ಕುರುಡಾಗಿ, ಟೀಪಾಯಿಗೆ ಮೊಣಕಾಲು ಬಡಿದುಕೊಂಡರು. ಟೀಪಾಯಿಯ ಗಾಜು ಒಡೆಯಲಿಲ್ಲ. ಶಿವ ದೊಡ್ಡವನು.

ಇಷ್ಟನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ. ಜಗಳ ಬಂದದ್ದು ಹೊತ್ತಿನ ಮೇಲೆ. ಇಲ್ಲಿ ಸೂರ್ಯನೂ ನಿಯಮ ಪಾಲಿಸುವವನು, ವರ್ಷವಿಡೀ ಏಳರ ಸುಮಾರಿಗೇ ಮುಳುಗುತ್ತಾನೆ. ಇವರು ಬಸ್ಸಿಳಿದು ಮನೆಗೆ ಬರುವುದೂ ಆಗಲೇ. ಮಗಳು ಎಮ್‌ಆರ್‌ಟಿ ರೈಲು ಹಿಡಿದು ಬಂದು ಟೀವಿ ಹಾಕುವುದರೊಳಗೆ ಅಭ್ಯಾಸ ಮುಗಿಯಬೇಕು. ಆ ಹೊತ್ತು ನನ್ನದು. ಮುಸ್ಸಂಜೆ ಮನೆ ಕತ್ತಲಾಗಿರಬಾರದು, ಬಂದ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾಳೆ ಎಂದು ಕೇಳಿ ಬೆಳೆದವಳು ನಾನು. ಇವರು ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡಿಕೊಂಡು ನಿಂತಿದ್ದಾರೆ. ಪಕ್ಕದ ಮನೆಯ ಮಲಯ್ ಆಂಟಿ ನಮ್ಮ ಮನೆಯ ಕತ್ತಲೆ ನೋಡಿ, ಕರೆಂಟು ಹೋಗಿದೆಯೆಂದು ಪಾಪ ಮೇಣದ ಬತ್ತಿ ತಂದು ಕೊಟ್ಟರು. ಅವರ ಎದುರಿಗೆ ಕೆನ್ನೆಗೆ ಟಾರ್ಚು ಇಟ್ಟುಕೊಂಡು ನಿಂತಿದ್ದ ಗಂಡನನ್ನು ಏನೆಂದು ಪರಿಚಯಿಸುವುದು? ಹಲ್ಲುನೋವು ಎಂದೆ. ಮರುದಿನ ಲವಂಗವನ್ನೂ ತಂದುಕೊಟ್ಟರು.

ಕೊನೆಗೆ ಒಪ್ಪಂದವಾಯಿತು. ಶರತ್ತು ಹಾಕಿದವಳು ನಾನೇ. ನಮ್ಮಲ್ಲಿ ಸಂಜೆ ದೀಪ ಹೊತ್ತಿದ ಕೂಡಲೇ, ಅದು ಎಣ್ಣೆಯ ದೀಪವಿರಲಿ, ಗೋಡೆಯ ಸ್ವಿಚ್ಚಿನದೇ ಇರಲಿ, ಮಾಡುತ್ತಿದ್ದ ಕೆಲಸ ನಿಲ್ಲಿಸಿ ಬೆಳಕಿಗೆ ಕೈಮುಗಿಯುತ್ತಾರೆ. ಶರಣು ಮಾಡುವುದು ಎನ್ನುತ್ತೇವೆ. ಇವರು ಅದನ್ನು ಮಾಡುತ್ತಿದ್ದುದು ಒಂದೇ ಕೈಯಲ್ಲಿ, ಮೂಗಿನ ಮೇಲಿನ ನೊಣ ಓಡಿಸಿದ ಹಾಗೆ. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಈಗ ಸಿಕ್ಕಿಬಿದ್ದಿದ್ದಾರೆ, ಬಿಡುವುದುಂಟೇ?

"ದೀಪ ಹಚ್ಚೂತನಕ ಕತ್ತಲಿ ನಿಮ್ದು. ನಾ ಲೈಟ್ ಹಾಕಿದ ಕೂಡ್ಲೆ ಎರಡೂ ಕೈ ಕೂಡಿಸಿ, ಕಣ್ಣು ಮುಚ್ಚಿ ಶರಣು ಮಾಡಬೇಕು."

"ಕೈಯಾಗ ಟಾರ್ಚ್ ಇದ್ರ?"

"ಟಾರ್ಚ್ ಸಮೇತ. ಲೈಟರ್ ಸಮೇತ. ಕೆಳಗ ಇಡೂತನಕ ಲಕ್ಷ್ಮಿ ನಿಂತಿರ್ತಾಳೇನು?"

ಗರಜು ಅವರದು, ಒಪ್ಪಿದರು. ದಿನಾ ಸಂಜೆ ಟಿಕ್, ಮಿಣಕ್, ಟಿಕ್, ಮಿಣಕ್. ನಾನು ಸ್ವಿಚ್ಚು ಒತ್ತಿದ ತಕ್ಷಣ ಎರಡೂ ಕೈ ಎದೆಯ ಹತ್ತಿರ ಬಂದು ಟಾರ್ಚು, ಲೈಟರು ಎರಡೂ ಅಂಗೈ ನಡುವೆ ಆಕಾಶ ನೋಡುತ್ತ ನಿಲ್ಲುತ್ತಿದ್ದವು. ಕಣ್ಣು ಮುಚ್ಚಿದ ಆ ಮುಖ ನೋಡಿದರೆ ಮಠದ ಸ್ವಾಮಿಗಳೂ ಮೆಚ್ಚಬೇಕು. ಆಮೇಲಾಮೇಲೆ ಹೇಳುವುದೇ ಬೇಕಾಗಲಿಲ್ಲ. ಪಿಸ್ತೂಲಿನ ನೆಪದಲ್ಲಿ ಗಂಡನಿಗೆ ಭಕ್ತಿ ಕಲಿಸಿದೆನಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಇದ್ದ ಬುದ್ಧಿಯನ್ನೆಲ್ಲ ನಾನು ಖರ್ಚು ಮಾಡುವುದು ಇಂಥ ಕಡೆಯೇ.

ಸ್ಪರ್ಧೆ ಒಂದು ಭಾನುವಾರ ಮಧ್ಯಾಹ್ನ. ಮಗಳೂ ನಾನೂ ಗಾಜಿನ ಹಿಂದೆ, ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು ಕೂತೆವು. ನಿಯಮ ನೋಡಿಕೊಳ್ಳುವವರು ಟ್ಯಾನ್ ಅಂಕಲ್, ಕ್ಲಬ್ಬಿನಲ್ಲಿ ಇವರಿಗೆ ಕಲಿಸಿದವರೂ ಅವರೇ, ಒಂದು ಮಾತಿಗೆ ಎರಡು ಮಾತು ಆಡದ ಮನುಷ್ಯ. ನಮ್ಮವರ ಸರದಿ ಬಂತು, ದೀಪ ಆರಿತು. ಮಿಣಕ್, ಢಂ ಢಂ, ಕತ್ತಲೆ. ಮತ್ತೆ ಬೇರೆಲ್ಲೋ ಮಿಣಕ್. ನನಗೆ ಕಂಡದ್ದು ಕೆನ್ನೆಯ ಅರ್ಧ ಮಾತ್ರ. ಆದರೆ ಆ ಅರ್ಧದಲ್ಲಿ ತಡವರಿಕೆಯೇ ಇರಲಿಲ್ಲ. ಒಬ್ಬ ಅಪರಿಚಿತ ಗಂಡಸನ್ನು ನೋಡಿದ ಹಾಗಾಗಿ ನಾನು ಸೆರಗು ಸರಿಮಾಡಿಕೊಂಡೆ. ನಗಲೆಂದೇ ಬಂದಿದ್ದವಳು, ಗೆಲ್ಲಿಸಪ್ಪಾ ಎಂದು ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡಿದ್ದೆ. ಮುಗಿಯಿತು. ಟ್ಯಾನ್ ಅಂಕಲ್ ಪಿಸ್ತೂಲು ಖಾಲಿ ಮಾಡಿಸಿ, ತಮ್ಮ ಟಾರ್ಚು ಬಿಟ್ಟು ಒಳಗೆ ನೋಡಿ ತಲೆಯಾಡಿಸಿದರು. ಇನ್ನು ಅದನ್ನು ಸೊಂಟದ ಚೀಲಕ್ಕೆ ಸೇರಿಸುವುದೊಂದೇ ಬಾಕಿ. ಅಷ್ಟರಲ್ಲಿ ಯಾರೋ ದೀಪ ಹಾಕಿದರು.

ಎರಡೂ ಕೈ ಎದೆಯ ಹತ್ತಿರ ಬಂದವು. ಟಾರ್ಚು, ಪಿಸ್ತೂಲು ಎರಡೂ ಅಂಗೈ ನಡುವೆ ಛಾವಣಿ ನೋಡುತ್ತ ನಿಂತವು. ಕಣ್ಣು ಮುಚ್ಚಿತ್ತು.

ನಾನು ಹಿಗ್ಗಿದೆ. ಇಷ್ಟು ಜನರ ಎದುರಿಗೆ ನಾಚದೆ ಶರಣು ಮಾಡಿದರಲ್ಲ ಎಂದು ನಾನೂ ಕೈಮುಗಿದೆ. ಒಳಗೆ ಟ್ಯಾನ್ ಅಂಕಲ್ ಒಂದು ಕೈ ಮೇಲೆತ್ತಿ ನಿಂತಿದ್ದರು. ಅದು ಆಶೀರ್ವಾದವಲ್ಲ ಎಂದು ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ಅಮ್ಮ, ಅಪ್ಪ ಡಿಸ್‌ಕ್ವಾಲಿಫೈ ಆದ್ರು," ಎಂದಳು ಮಗಳು, ನನ್ನ ಕಿವಿಯ ಮುಚ್ಚಳ ಸರಿಸಿ. "ನಿನ್ನಿಂದಾನೇ ಲಾ." ಮಾತಿನ ಕೊನೆಗೆ 'ಲಾ' ಅಂಟಿಸುವುದು ಅವಳಿಗೆ ಈ ಊರು ಕಲಿಸಿದ್ದು.

ಟ್ಯಾನ್ ಅಂಕಲ್ ಗಾಜಿನ ಈಚೆ ಬಂದು ವಿವರಿಸಿದರು. ಪಿಸ್ತೂಲಿನ ಮೂತಿ ಯಾವಾಗಲೂ ಗುರಿಹಲಗೆಗಳ ಕಡೆಗೇ ಇರಬೇಕು, ಛಾವಣಿಯ ಕಡೆ ತಿರುಗಿದರೆ ಹೊರಗೆ. ಖಾಲಿ ಇತ್ತಲ್ಲ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಖಾಲಿಯೋ ತುಂಬಿದ್ದೋ, ನಿಯಮ ಒಂದೇ ಎಂದರು ಟ್ಯಾನ್ ಅಂಕಲ್. ಪ್ರಾರ್ಥನೆ ಮಾಡುವುದಕ್ಕೆ ಇಲ್ಲಿ ಯಾರ ಅಡ್ಡಿಯೂ ಇಲ್ಲ, ಪಿಸ್ತೂಲನ್ನು ಕೆಳಗಿಟ್ಟು ಮಾಡಬೇಕಷ್ಟೆ ಎಂದು ಬಹಳ ಮರ್ಯಾದೆಯಿಂದ ಸೇರಿಸಿದರು. ಬಿಟ್ಟ ಗುಂಡುಗಳೆಲ್ಲ ಬೀಳಬೇಕಾದಲ್ಲೇ ಬಿದ್ದಿದ್ದವಂತೆ. ತಂಡದ ಹೆಸರುಗಳನ್ನು ಓದುವಾಗ ನಮ್ಮವರು ಬಗ್ಗಿ ಶೂ ಲೇಸು ಕಟ್ಟಿಕೊಂಡರು.

ಮನೆಗೆ ಬರುವಾಗ ಎಮ್‌ಆರ್‌ಟಿಯಲ್ಲಿ ನಾನು ಉಪಕಾರಗಳನ್ನು ಒಂದೊಂದಾಗಿ ನೆನೆದೆ. ಪಿಸ್ತೂಲು ಖಾಲಿ ಇತ್ತು. ಯಾರಿಗೂ ಏನೂ ಆಗಲಿಲ್ಲ. ಕೂರಲು ಸೀಟು ಸಿಕ್ಕಿದೆ. ಎಷ್ಟು ಕೂಡಿಸಿದರೂ ಪಕ್ಕದಲ್ಲಿ ಕೂತ ಮನುಷ್ಯನಿಗೆ ಸಮನಾಗಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಇವರು ಬೈಯಲಿಲ್ಲ. "ಛಲೋ ಆಗಿತ್ತಲ್ಲ?" ಎಂದು ಕೇಳಿದರು, ಅಷ್ಟೇ. ಛಲೋ ಆಗಿತ್ತು ಎಂದೆ. ಈ ಹುಚ್ಚು ಶುರುವಾದ ಮೇಲೆ ವ್ಯಂಗ್ಯವಿಲ್ಲದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

ಮುಂದಿನ ವಾರ ಟ್ಯಾನ್ ಅಂಕಲ್ ದಾರಿ ತೋರಿಸಿದರು. ಮತ್ತೊಮ್ಮೆ ಮಂದ ಬೆಳಕಿನ ಸ್ಪರ್ಧೆ ಇಟ್ಟಾಗ ಇವರೂ ಬರಬಹುದು, ಆದರೆ ಅಷ್ಟರೊಳಗೆ ದೀಪ ಕಂಡರೆ ಕೈಮುಗಿಯುವ ಈ ಅಭ್ಯಾಸ ಪೂರ್ತಿ ಬಿಟ್ಟುಹೋಗಬೇಕು. ಮನೆಯಲ್ಲಿ ಅಂಟಿದ್ದು ಮನೆಯಲ್ಲೇ ಬಿಡಬೇಕು. ದಿನಾ ಕತ್ತಲೆಯಲ್ಲಿ ನಿಲ್ಲುವುದು, ಯಾರಾದರೂ ದಿಢೀರನೆ ದೀಪ ಹಾಕುವುದು, ಕೈ ಕೂಡದ ಹಾಗೆ ಇನ್ನೊಬ್ಬರು ಕಾಯುವುದು. ಇನ್ನೊಬ್ಬರು ಎಂದರೆ ಯಾರು? ಮಗಳು ಕೈ ತೊಳೆದುಕೊಂಡಳು. ಹೀಗಾಗಿ ಮುಗಿಯದ ಕೈಗಳನ್ನು ಇಷ್ಟು ವರ್ಷ ಕಷ್ಟಪಟ್ಟು ಮುಗಿಸಿದವಳೇ ಈಗ ಅವು ಮುಗಿಯದಂತೆ ಕಾವಲು ನಿಂತಿದ್ದೇನೆ. ಮೊದಮೊದಲು ಸ್ವಿಚ್ಚು ಒತ್ತುವಾಗ ದೇವರ ಪಟದ ಕಡೆ ನೋಡಲು ನಾಚಿಕೆಯಾಗುತ್ತಿತ್ತು. ಇವರದನ್ನೂ ಸೇರಿಸಿ ನಾನೇ ಎರಡು ಸಲ ಶರಣು ಮಾಡುತ್ತೇನಪ್ಪಾ, ಲೆಕ್ಕ ಸರಿಹೋಯಿತಲ್ಲ ಎಂದು ಅವನೊಂದಿಗೂ ಒಪ್ಪಂದ ಮಾಡಿಕೊಂಡೆ.

ಮೊನ್ನೆ ಸಂಜೆ ದೀಪ ಹಾಕಿದೆ. ಬಲಗೈ ಸ್ವಲ್ಪ ಅದುರಿತು, ಆದರೆ ಏಳಲಿಲ್ಲ. ಎಡಗೈ ಕೆನ್ನೆ ಬಿಡಲಿಲ್ಲ. ಲೈಟರಿನ ಮೂತಿ ನೆಟ್ಟಗೆ ಫ್ರಿಜ್ಜನ್ನೇ ನೋಡುತ್ತಿತ್ತು. ನಾನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, ಟ್ಯಾನ್ ಅಂಕಲ್ ಹಾಗೆ ತಲೆಯಾಡಿಸಿ, ಪಾಸ್ ಎಂದೆ. ಇವರು ಟಾರ್ಚು ಆರಿಸಿ ನನ್ನನ್ನೇ ನೋಡಿದರು.

"ಅಲ್ಲ, ನೀ ಶರಣು ಮಾಡ್ಲೇ ಇಲ್ಲಲ್ಲ?"

ನೋಡಿಕೊಂಡೆ. ನನ್ನ ಎರಡೂ ಕೈಗಳು ಸೊಂಟದ ಮೇಲಿದ್ದವು.