ಭಂಡಾರ ಹತ್ತಿದ ಚೆಂಡು

ನಾನು ನಿಂತಿದ್ದದ್ದು ಗೋಲುಗಂಬದಿಂದ ನಾಲ್ಕು ಹೆಜ್ಜೆ ಹಿಂದೆ. ಹೆಜ್ಜೆಯೆಂದರೆ ನನ್ನ ಹೆಜ್ಜೆ, ನಾನು ಎತ್ತರದವನಲ್ಲ. ಆಟಗಾರರ ಕಡೆಯಿಂದ ನೋಡಿದರೆ ಅದು ಬಲಗಡೆಯ ಕಂಬ, ನನ್ನ ಕಡೆಯಿಂದ ಎಡಗಡೆಯದು. ದೀಪಾವಳಿ ಕಳೆದು ಎರಡನೆಯ ಭಾನುವಾರ, ಸಂಜೆ. ನನ್ನ ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷವಾಗಿತ್ತು. ಆ ಗಡಿಯಾರ ನಾಲ್ಕು ನಿಮಿಷ ಮುಂದಿರುತ್ತಿತ್ತು, ಆದ್ದರಿಂದ ಐದು ಗಂಟೆ ಆರು ನಿಮಿಷವೆಂದು ತಿಳಿಯಬೇಕು. ಬಿಸಿಲು ನನ್ನ ಬೆನ್ನಿಗಿತ್ತು. ಕಣ್ಣಿಗೆ ಬಿಸಿಲು ಹೊಡೆಯಿತೆಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

ಇಷ್ಟು ನಿಖರವಾಗಿ ಹೇಳುವುದು ನನಗಂಟಿದ ರೋಗ. ಪುಣೆಯ ಒಂದು ವಿಮಾ ಕಚೇರಿಯಲ್ಲಿ ಅಪಘಾತದ ಕಾಗದಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಕಂಡವರು 'ಲಾರಿ ಸುಮಾರು ಜೋರಾಗಿ ಬಂತು' ಎಂದು ಬರೆದಿರುತ್ತಿದ್ದರು. ಸುಮಾರೆಂದರೆ ಎಷ್ಟು, ಎಲ್ಲಿ ನಿಂತು ನೋಡಿದಿರಿ ಎಂದು ಕೆಂಪು ಶಾಯಿಯಲ್ಲಿ ಕೇಳಿ ಕೇಳಿ, ಕೊನೆಗೆ ನನ್ನ ಮನೆಯಲ್ಲೂ ಒಂದು ಮಾತು ನೇರವಾಗಿ ಹೇಳಲಾರದವನಾದೆ. ಹೊರಗೆ ಮಳೆ ಬರುತ್ತಿದೆಯೇ ಎಂದು ಹೆಂಡತಿ ಇಂದಿರಾ ಒಳಗಿನಿಂದ ಕೇಳಿದರೆ, "ನಮ್ಮ ಗ್ಯಾಲರಿಯ ಮುಂದೆ ಬರತದ, ಗ್ರೌಂಡಿನ ಆ ಕಡೆ ಬರೋದು ಕಾಣಂಗಿಲ್ಲ" ಎನ್ನುತ್ತಿದ್ದೆ. ಅಷ್ಟರಲ್ಲಿ ಹಪ್ಪಳ ನೆನೆದಿರುತ್ತಿದ್ದವು. "ಒಂದು ಹೌದು ಅನ್ನಲಿಕ್ಕೆ ನಿಮಗ ಅರ್ಧಾ ತಾಸು ಬೇಕ್ರಿ. ತಾಳಿ ಕಟ್ಟೋ ಹೊತ್ತಿಗೆ ಹೆಂಗ ಹೌದಂದ್ರೀ?" ಎಂದು ಅವಳು ಕೇಳುತ್ತಿದ್ದಳು. ನಾನು ನೆನಪಿಸಿಕೊಂಡು ನೋಡಿದ್ದೇನೆ. ಆಗ ಹೌದೆಂದವರು ನಮ್ಮ ಸೋದರಮಾವ.

ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಮನೆ ಪುಣೆಯಂಚಿನ ಕೊಂಢವಾದಲ್ಲಿತ್ತು, ಎರಡನೆಯ ಮಹಡಿಯಲ್ಲಿ, ಗ್ಯಾಲರಿ ಎನ್ನುವ ಬಾಲ್ಕನಿ ಮೈದಾನಕ್ಕೆ ಎದುರಾಗಿ. ಸುತ್ತ ಅರ್ಧ ಕಟ್ಟಿದ ಕಟ್ಟಡಗಳು, ನಡುವೆ ಹೇಗೋ ಉಳಿದುಕೊಂಡ ಆ ಮೈದಾನ, ಅದರಲ್ಲಿ ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್. ನಾನು ಒಂದು ದಿನವೂ ಚೆಂಡು ಒದ್ದವನಲ್ಲ. ಆದರೆ ಮನೆ ಹತ್ತಿರವಿದೆಯೆಂಬ ಒಂದೇ ಯೋಗ್ಯತೆಯ ಮೇಲೆ ಕ್ಲಬ್ಬಿನ ಬಲೆ, ಬಾವುಟ, ಚೆಂಡುಗಳು ನನ್ನ ಸುಪರ್ದಿಗೆ ಬಂದವು. ಎರಡು ಗೋಲುಗಳ ಬಲೆಗಳು ನಮ್ಮ ಮಂಚದ ಕೆಳಗೆ ಮಲಗುತ್ತಿದ್ದವು, ಪಕ್ಕದಲ್ಲಿ ಊರಿನಿಂದ ತಂದ ಜೋಳದ ಚೀಲ. "ಬಲಿಗಿ ಒಂದು ಹಾಸಿಗಿ ಹಾಕಿ ಕೊಡ್ಲೇನ್ರಿ?" ಎಂದು ಇಂದಿರಾ ಕೇಳುತ್ತಿದ್ದಳು.

ಚೆಂಡು ಒದೆಯದಿದ್ದರೂ ನನಗೊಂದು ಗುಟ್ಟಿನ ಚಟವಿತ್ತು. ನಮ್ಮ ದೇಶದ ಹದಿನಾರು ವರ್ಷದೊಳಗಿನ ಹುಡುಗರ ತಂಡ ಹೊರದೇಶದಲ್ಲಿ ಆಡಿದಾಗಲೆಲ್ಲ ಪತ್ರಿಕೆಯ ಕೊನೆಯ ಪುಟದ ಕೆಳಮೂಲೆಯಲ್ಲಿ ಎರಡು ಸಾಲು ಬರುತ್ತಿತ್ತು. ಅದನ್ನು ಒಂದು ಹಳೆಯ ಡೈರಿಗೆ ಇಳಿಸಿಕೊಳ್ಳುತ್ತಿದ್ದೆ. ಕೆಲವು ಸಲ ಹುಡುಗರು ಅರ್ಹತಾ ಸುತ್ತಿನಿಂದಲೇ ಮರಳುತ್ತಿದ್ದರು, ಕೆಲವು ಸಲ ಅದನ್ನು ದಾಟಿ ಮುಂದಿನ ಸುತ್ತಿನಿಂದ ಮರಳುತ್ತಿದ್ದರು. ಆ ದಾಖಲೆ ನನ್ನ ಮಗಳ ಗಣಿತದ ಅಂಕಗಳ ಹಾಗಿತ್ತು: ಸುಧಾರಿಸುತ್ತಿದೆಯೆಂದು ಕಾಣಬೇಕಾದರೆ ನೋಡುವವರಿಗೆ ಸ್ವಲ್ಪ ಪ್ರೀತಿ ಇರಬೇಕಿತ್ತು. ನನಗೆ ಇತ್ತು. ಪ್ರತಿ ಸಲ ಸೋತಾಗಲೂ 'ಕೊನೆಯ ಹತ್ತು ನಿಮಿಷ ಚೆನ್ನಾಗಿ ಆಡಿದರು' ಎಂಬಂಥ ಒಂದು ವಾಕ್ಯ ಎಲ್ಲೋ ಸಿಗುತ್ತಿತ್ತು. ಅದರ ಕೆಳಗೆ ಗೆರೆ ಎಳೆದಿಡುತ್ತಿದ್ದೆ.

ಹೀಗಿರುವಾಗ ಅದೇ ತಂಡ ಪುಣೆಯಲ್ಲಿ ಬೀಡುಬಿಟ್ಟಿದೆ, ವಿಮಾನ ಹತ್ತುವ ಮೊದಲು ಒಂದು ಅಭ್ಯಾಸದ ಆಟವನ್ನು ನಮ್ಮ ಕ್ಲಬ್ಬಿನೊಡನೆ, ನಮ್ಮದೇ ಮೈದಾನದಲ್ಲಿ ಆಡುತ್ತದೆ ಎಂಬ ಸುದ್ದಿ ಬಂತು. ಮೂರು ದಿನ ನನಗೆ ಊಟ ಸೇರಲಿಲ್ಲ. ಆದರೆ ಬಲೆ ಬಿಚ್ಚಿ ನೋಡಬೇಕೆಂದು ಹೊಳೆದದ್ದು ಆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಜೋಳಕ್ಕೆಂದು ಬಂದ ಇಲಿ ಬಾಯಿ ಬದಲಿಸಲು ಬಲೆಯನ್ನೂ ಕಡಿದಿತ್ತು. ಒಂದು ಬಲೆಯ ಪಕ್ಕದ ಭಾಗದಲ್ಲಿ, ಕಂಬಕ್ಕೆ ಸ್ವಲ್ಪ ಹಿಂದೆ, ರೊಟ್ಟಿ ಹಂಚಿನಷ್ಟು ದೊಡ್ಡ ತೂತು.

ಇಂದಿರಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ಹುಡುಕಿದರೆ ಸಿಕ್ಕ ಹಗ್ಗ ಒಂದೇ. ಹಿಂದಿನ ವಾರ ಜೇಜುರಿಗೆ ಖಂಡೋಬನ ದರ್ಶನಕ್ಕೆ ಹೋದಾಗ, ಬಟ್ಟೆ ಒಣಹಾಕಲಿಕ್ಕೆಂದು ಅವಳು ಮೆಟ್ಟಿಲ ಬುಡದ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿ ತಂದ ನೈಲಾನ್ ಹಗ್ಗ. ಅದರ ಜೊತೆಗೆ ಚೀಲದಲ್ಲಿಟ್ಟಿದ್ದ ಭಂಡಾರದ ಪೊಟ್ಟಣ ಒಡೆದು, ದೇವರ ಅರಿಶಿನವೆಲ್ಲ ಹಗ್ಗಕ್ಕೆ ಮೆತ್ತಿತ್ತು. ಅದನ್ನು ಒಗೆದು ಕಟ್ಟಲು ಅವಳು ಒಳ್ಳೆಯ ದಿನ ನೋಡುತ್ತಿದ್ದಳು. ನಾನು ಎರಡು ಮಾರು ಕತ್ತರಿಸಿ ತೂತಿಗೆ ಅಡ್ಡಡ್ಡ ಬಿಗಿದು ನಾಲ್ಕು ಗಂಟು ಹಾಕಿದೆ. ಮೈದಾನ ನೋಡಲು ಬಂದ ತಂಡದ ಕೋಚ್ ಬಲೆಯನ್ನು ಜಗ್ಗಿ, "ಯೆ ಠೀಕ್ ಹೈ?" ಎಂದು ಕೇಳಿದರು. ನಾನು, ಜೀವನದಲ್ಲಿ ಎಂದೂ ಖಚಿತ ಮಾತಾಡದವನು, ಇದರಿಂದ ನಿಂಬೆಹಣ್ಣು ಕೂಡ ದಾಟುವುದಿಲ್ಲ ಎಂದುಬಿಟ್ಟೆ.

ಕೋಚ್ ನನ್ನ ಪಕ್ಕದಲ್ಲೇ ನಿಂತು ತಮ್ಮ ಸಹಾಯಕನೊಡನೆ ಹಿಂದಿಯಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿತ್ತು. ವಿಮಾನದಲ್ಲಿ ಉಳಿದಿರುವುದು ಒಂದೇ ಜಾಗ, ಅದಕ್ಕೆ ಇಬ್ಬರು ಹುಡುಗರು. ಅವರಲ್ಲಿ ರಾಂಚಿ ಕಡೆಯ ಜೋಸೆಫ್ ಇವತ್ತು ಒಂದು ಗೋಲು ಹೊಡೆದರೆ ಅವನು, ಇಲ್ಲದಿದ್ದರೆ ಇನ್ನೊಬ್ಬ. ಜೋಸೆಫ್ ಹದಿನೇಳನೆಯ ನಂಬರಿನ ಅಂಗಿ ತೊಟ್ಟ ಸಣಕಲು ಹುಡುಗ. ಅಂಗಿಯೊಳಗೆ ಇನ್ನೊಬ್ಬ ಜೋಸೆಫ್ ಹಿಡಿಸುತ್ತಿದ್ದ.

ಆಟ ಮುಗಿಯಲು ಬಂದಿತ್ತು, ಎರಡೂ ಕಡೆ ಸೊನ್ನೆ. ನಮ್ಮ ಗೋಲ್‌ಕೀಪರ್ ಸದಾನಂದ ಶೆಟ್ಟಿ ಹಾರಿ ಹಾರಿ ತಡೆಯುತ್ತಿದ್ದ. ಕುಂದಾಪುರ ಕಡೆಯವನು, ಮೈದಾನದ ಮೂಲೆಯಲ್ಲಿದ್ದ ತನ್ನ ಮಾವನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಆಗ, ಮೇಲೆ ಹೇಳಿದ ಹೊತ್ತಿಗೆ, ಜೋಸೆಫ್ ಎಡಗಡೆಯಿಂದ ಓಡಿಬಂದು ಒದ್ದ. ಚೆಂಡು ಸದಾನಂದನ ಬೆರಳಿಗೂ ಕಂಬಕ್ಕೂ ನಡುವೆ ನುಗ್ಗಿ ಕಂಬದ ಒಳಮೈ ಸವರಿ ಪಕ್ಕದ ಬಲೆಗೆ ಹೊಡೆಯಿತು. ಮೇಲಿನಿಂದ ಎರಡನೆಯ ಗಂಟು ಜಾರಿತು. ಎರಡು ಹಗ್ಗಗಳ ನಡುವೆ ಚೆಂಡು ಹಿಸುಕಿಕೊಂಡು ಹೊರಬಂದು ನನ್ನ ಕಾಲ ಬಳಿ ನಿಂತಿತು. ನಾನು ಕಂಡದ್ದು ಇಷ್ಟು. ಇದರಲ್ಲಿ ಸುಮಾರು ಎಂಬುದು ಇಲ್ಲ.

ದೂರದಲ್ಲಿದ್ದ ರೆಫರಿಗೆ ಚೆಂಡು ಕಂಬದ ಹೊರಗಿನಿಂದ ಹೋದಂತೆ ಕಂಡಿತ್ತು. ಹುಡುಗರು ಗೋಲು ಗೋಲು ಎಂದು ಕೂಗಿದರು. ರೆಫರಿ ಬಲೆ ನೋಡಲು ಓಡಿಬಂದರು. ಅವರು ತಲುಪುವ ಮುನ್ನ ಏನಾಯಿತೆಂಬುದನ್ನೂ ಬರೆಯಬೇಕು: ನನ್ನ ಕೈ ಮುಂದೆ ಹೋಗಿ ಆ ಗಂಟನ್ನು ಬಿಗಿಯಿತು. ಕೈ ನನ್ನದೇ. ನಿಂಬೆಹಣ್ಣಿನ ಮಾತು ಆಡಿದ ಬಾಯಿಯ ಮರ್ಯಾದೆಯನ್ನು ಅದು ಕಾಪಾಡಲು ಹೋಗಿತ್ತು.

ರೆಫರಿ ಬಲೆ ಜಗ್ಗಿ ನೋಡಿದರು, ಭದ್ರವಾಗಿತ್ತು. ನನ್ನ ಕಡೆ ತಿರುಗಿ, "ಕಾಕಾ, ಬಾಲ್ ಆತ ಗೇಲಾ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಒಳಗೆ ಹೋಯಿತೇ? ಹೌದೆನ್ನಲು ಒಂದು 'ಹೋ' ಸಾಕಿತ್ತು, ಅಷ್ಟು ಚಿಕ್ಕ ಮಾತು ಅದು. ನಾನು ಹೇಳಿಕೆ ಶುರುಮಾಡಿದೆ: ನಾನು ನಿಂತದ್ದು ಇಲ್ಲಿ, ಕಂಬದಿಂದ ನಾಲ್ಕು ಹೆಜ್ಜೆ, ಬಿಸಿಲು ಬೆನ್ನಿಗೆ... "ಮಾರಾಯ್ರೆ, ಹೊರಗೆ ಹೋದದ್ದು ಅಂತ ಹೇಳಿ ಮುಗಿಸಿ" ಎಂದ ಸದಾನಂದ ನನಗೆ ಮಾತ್ರ ಕೇಳುವಂತೆ. ನಾನು ಗಡಿಯಾರದ ನಾಲ್ಕು ನಿಮಿಷದ ವಿಷಯಕ್ಕೆ ಬರುವಷ್ಟರಲ್ಲಿ ರೆಫರಿ ಕೈಮುಗಿದು ಹೊರಟು, ಹೊರಗೆ ಎಂದು ಸೀಟಿ ಊದಿದರು. ಆಟ ಸೊನ್ನೆ ಸೊನ್ನೆಯಲ್ಲೇ ಮುಗಿಯಿತು. ಜೋಸೆಫ್ ಬಹಳ ಹೊತ್ತು ಬೂಟಿನ ಲೇಸನ್ನೇ ಕಟ್ಟುತ್ತ ಕುಳಿತಿದ್ದ. ಅವನ ಲೇಸು ಬಿಚ್ಚಿರಲಿಲ್ಲ.

ಬಲೆ, ಚೆಂಡು ಹೊತ್ತುಕೊಂಡು ಮನೆಗೆ ಬಂದೆ. ಇಂದಿರಾ ಬಾಗಿಲಲ್ಲೇ ನಿಂತಿದ್ದಳು. ಹಗ್ಗದ ವಿಚಾರಣೆ ಇರುತ್ತದೆಂದುಕೊಂಡೆ. ಅವಳು ಚೆಂಡನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಅದರ ಮೇಲೆ ಎದುರುಬದುರಾಗಿ ಎರಡು ಅರಿಶಿನದ ಗೆರೆಗಳಿದ್ದವು.

"ಏನ್ರೀ ಇದು? ಚೆಂಡಿಗೆ ಭಂಡಾರ ಹಚ್ಚೀರಿ?"

"ಹಗ್ಗಕ್ಕ ಬಡದಿರಬೇಕು" ಎಂದೆ.

"ಬಡದ್ರ ಒಂದ ಕಡೆ ಹತ್ತತದ. ಇದು ಎರಡೂ ಕಡೆ ಹತ್ತೇದ. ನಡಬರಕ ತೂರೇದ ಚೆಂಡು. ನಿಮ್ಮ ಆಫೀಸಿನಾಗ ಹಿಂತಾದ್ದ ಹಿಡಿಯೋದಕ್ಕ ಪಗಾರ ಕೊಡತಾರಲ್ರಿ ನಿಮಗ?"

ನಾನು ಬಲೆ ಕೆಳಗಿಟ್ಟು ಜೋಸೆಫ್‌ನ ಜಾಗದ ಮಾತನ್ನು ಹೇಳಿದೆ. ಅವಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದಳು. "ಆ ಕೂಸಿಂದು ವಿಮಾನ ತಪ್ಪಿದ್ರ ನಿಮ್ಮ ಡೈರಿಯೊಳಗ ಏನಂತ ಬರೀತೀರಿ? ಬರ್ರಿ ಸುಮ್ನ."

ಶೆಟ್ಟರ ಹೋಟೆಲಿನಲ್ಲಿ ಇಡೀ ತಂಡ ಬನ್ಸ್ ತಿನ್ನುತ್ತ ಕುಳಿತಿತ್ತು. ನಾನು ಕೋಚ್ ಮುಂದೆ ನಿಂತು, ನನ್ನ ಕಚೇರಿಯ ಹಿಂದಿಯಲ್ಲಿ, ಮೊದಲಿನಿಂದ ಹೇಳಿದೆ: ಇಲಿ, ಜೋಳ, ಜೇಜುರಿ, ನಾಲ್ಕು ಹೆಜ್ಜೆ, ಎರಡನೆಯ ಗಂಟು. ಕೋಚ್ ನಡುವೆ ಬಾಯಿ ಹಾಕಲಿಲ್ಲ. ಎರಡು ಗೆರೆಗಳ ಮೇಲೂ ಬೆರಳಿಟ್ಟು ನೋಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ರೆಫರಿ ಜಗ್ಗಿದಾಗ ಬಲೆ ಭದ್ರವಾಗಿತ್ತಲ್ಲ, ಗಂಟನ್ನು ಯಾರಾದರೂ ಮತ್ತೆ ಕಟ್ಟಿದರೇ?

"ಹಾಂ" ಎಂದೆ. "ಮೈನೇ."

ಹೌದು, ನಾನೇ: ನನ್ನ ಬದುಕಿನ ಅತಿ ಚಿಕ್ಕ ಹೇಳಿಕೆ ಅದು. ಗಲ್ಲಾದ ಹಿಂದೆ ಸದಾನಂದ ಒಂದೇ ಲೋಟವನ್ನು ಒರೆಸುತ್ತಲೇ ಇದ್ದ. ಕೋಚ್ ನಗಲೂ ಇಲ್ಲ, ಬೈಯಲೂ ಇಲ್ಲ; ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದು, ಪೆನ್ನು ಕೇಳಿದರು. ನನ್ನ ಜೇಬಿನಲ್ಲಿದ್ದದ್ದು ಕೆಂಪು ಶಾಯಿಯದು. ಅದರಲ್ಲೇ ಕೊನೆಯ ಸಾಲಿನಲ್ಲಿ ಜೋಸೆಫ್‌ನ ಹೆಸರು ಬರೆದರು. ಹುಡುಗ ಬನ್ಸನ್ನು ಕೈಯಲ್ಲೇ ಹಿಡಿದು ಎದ್ದುನಿಂತ. "ಅಂಕಲ್, ಆಪ್ ಬಹುತ್ ಲಂಬಾ ಬೋಲ್ತೇ ಹೈ" ಎಂದ. ಬಹಳ ಉದ್ದ ಮಾತಾಡುತ್ತೀರಿ ನೀವು. ಇಂದಿರಾಗೆ ಅವನು ಅಂದಿನಿಂದ ಮಗನಿಗಿಂತ ಹೆಚ್ಚಾದ.

ಎರಡು ವಾರದ ಮೇಲೆ ಕೊನೆಯ ಪುಟದ ಕೆಳಮೂಲೆಯಲ್ಲಿ ಎಂದಿನ ಎರಡು ಸಾಲು ಬಂತು. ನಮ್ಮ ಹುಡುಗರು ಮುಂದಿನ ಸುತ್ತಿಗೆ ಹೋಗಲಿಲ್ಲ. ಆದರೆ ಒಂದು ಆಟ ಗೆದ್ದಿದ್ದರು, ಮತ್ತು ಗೋಲು ಹೊಡೆದವರ ಹೆಸರುಗಳಲ್ಲಿ ಜೋಸೆಫ್ ಇದ್ದ. ನಾನು ಅದರ ಕೆಳಗೆ ಗೆರೆ ಎಳೆಯಲು ಹೋದರೆ ಇಂದಿರಾ ಆಗಲೇ ಎಳೆದಿಟ್ಟಿದ್ದಳು, ಕುಂಕುಮದಲ್ಲಿ. ಆಮೇಲಿನ ವರ್ಷಗಳಲ್ಲೂ ಹೊಸ ಹೊಸ ಹುಡುಗರು ಹೋದರು, ಬಂದರು. ಡೈರಿಗಳು ಎರಡಾದವು. ಗೆರೆಗಳೂ ಹೆಚ್ಚಾಗಿವೆ, ಇದನ್ನು ನಾನು ಎಣಿಸಿಯೇ ಹೇಳುತ್ತಿದ್ದೇನೆ.

ಕೊಂಢವಾದ ಆ ಗೋಲು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. ರೆಫರಿ ತೀರಿಕೊಂಡರು, ಅವರ ಪಾಲಿಗೆ ಅದು ಹೊರಗೆ ಹೋದ ಚೆಂಡು. ನಮ್ಮ ಕಡೆ ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನಿಬ್ಬರು ಇದ್ದಾರೆ. ಒಬ್ಬ ಸದಾನಂದ ಶೆಟ್ಟಿ, ಈಗ ಪುಣೆ ಹತ್ತಿರದ ಭೋರ್‌ನಲ್ಲಿ ಸ್ವಂತ ಹೋಟೆಲು ನಡೆಸುತ್ತಾನೆ. ಕೇಳಿದರೆ, "ಹೊರಗೆ ಹೋದದ್ದು ಮಾರಾಯ್ರೆ" ಎನ್ನುತ್ತಾನೆ, ಮತ್ತು ಕೇಳದೆಯೇ ಇನ್ನೊಂದು ಬನ್ಸ್ ಇಡುತ್ತಾನೆ. ಇನ್ನೊಬ್ಬಳು ಇಂದಿರಾ. ಆ ಸಂಜೆ ಹಗ್ಗ ಕಾಣದೆ ಹುಡುಕುತ್ತ ಗ್ಯಾಲರಿಗೆ ಬಂದವಳು, ತನ್ನ ಹಳದಿ ಹಗ್ಗವನ್ನು ಬಲೆಯಲ್ಲಿ ಗುರುತಿಸಿ ಅದನ್ನೇ ದಿಟ್ಟಿಸುತ್ತ ನಿಂತಿದ್ದಳಂತೆ. ಚೆಂಡು ತೂರಿದ್ದನ್ನೂ ಕಂಡಿದ್ದಳು, ನನ್ನ ಕೈ ಹೋದದ್ದನ್ನೂ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. "ಅವತ್ತs ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ. "ನೀವs ಹೇಳತೀರೋ ಇಲ್ಲೋ ನೋಡಬೇಕಿತ್ತು" ಎಂದಳು. ಉಳಿದ ಹಗ್ಗ ಇಂದಿಗೂ ನಮ್ಮ ಗ್ಯಾಲರಿಯಲ್ಲಿದೆ. ಅದಕ್ಕೆ ಬಟ್ಟೆ ಹಾಕುವ ಕೆಲಸ ನನ್ನದು. ಗಂಟು ಹಾಕುವ ಕೆಲಸ ಅವಳದು.