ಮುನಿಯಕ್ಕನ ನಾಲ್ಕನೇ ಕಲ್ಲು

ನಾಳೆ ಏನಾಗುತ್ತದೆ ಎಂದು ಇವತ್ತೇ ಹೇಳುವವರಲ್ಲಿ ಜೋಯಿಸರೇ ಪುಣ್ಯವಂತರು. ಹೇಳಿದ್ದು ಸುಳ್ಳಾದರೆ ತಪ್ಪನ್ನು ಶನಿಯ ಮೇಲೆ ಹೊರಿಸಿ, ಶಾಂತಿ ಮಾಡಿಸಿ ಎಂದು ಇನ್ನೊಂದು ದಕ್ಷಿಣೆ ತೆಗೆದುಕೊಳ್ಳಬಹುದು. ನನ್ನ ಪಾಡು ಹಾಗಲ್ಲ. ಹೊಳೆಯಲ್ಲಿ ಎಷ್ಟು ನೀರು ಬರುತ್ತದೆ ಎಂದು ಮುಂಚಿತವಾಗಿ ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು; ಹೇಳಿದ್ದು ತಪ್ಪಾದರೆ ವಿವರಣೆ ಕೇಳುತ್ತಿತ್ತು. ಹೊಳೆಯ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂಬ ಸಂಗತಿ ಸರ್ಕಾರಕ್ಕೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು.

ಅದು ಯುದ್ಧದ ಕಾಲ. ಬಾಗಲೂರಿನ ಹತ್ತಿರ ಪಿನಾಕಿನಿಯ ದಡದಲ್ಲಿ ನನ್ನ ಠಾಣೆ. ಠಾಣೆ ಎಂದರೆ ಒಂದು ಹೆಂಚಿನ ಮನೆ, ಒಂದು ಸೈಕಲ್ಲು, ನೀರಿನಂಚಿನಲ್ಲಿ ನೆಟ್ಟ ಒಂದು ಅಳತೆಗಂಬ. ಕಂಬದ ಮೇಲೆ ಅಡಿ, ಅಂಗುಲಗಳನ್ನು ಬಣ್ಣದಲ್ಲಿ ಬರೆದಿದ್ದರು. ನೀರು ಏರುವ ಸೂಚನೆ ಕಂಡರೆ ನಾನು ಹೊಸೂರಿಗೆ ಸೈಕಲ್ಲು ತುಳಿದು ಕೆಳಗಿನ ಅಣೆಕಟ್ಟೆಗೆ ತಂತಿ ಕೊಡಬೇಕು. ಅಲ್ಲಿಯವರು ಕಟ್ಟೆಯ ಮೇಲೆ ನಿಲ್ಲಿಸಿದ ಹಲಗೆಗಳನ್ನು ತೆಗೆಯಬೇಕು. ಹಲಗೆ ಇದ್ದಾಗ ದೊಡ್ಡ ನೀರು ಬಂದರೆ ಕಟ್ಟೆಯೇ ಹೋಯಿತು. ಹಲಗೆ ತೆಗೆದ ಮೇಲೆ ನೀರು ಬಾರದಿದ್ದರೆ ಕೂಡಿಟ್ಟದ್ದೂ ಹರಿದುಹೋಗಿ ಗದ್ದೆ ಒಣಗಿತು. ಆ ವರ್ಷ ನಾನು ಎರಡು ಸಲ ಹಲಗೆ ತೆಗೆಸಿದ್ದೆ. ಎರಡು ಸಲವೂ ಬಂದದ್ದು ಎಮ್ಮೆಯ ಮೊಣಕಾಲು ಮುಳುಗದಷ್ಟು ನೀರು. ಅಲ್ಲಿಯ ರೈತರು ನನ್ನ ವಂಶವನ್ನೆಲ್ಲ ನೆನೆದು ಒಂದು ಅರ್ಜಿ ಬರೆಸಿದರು. ಇನ್ನೊಂದು ಸಲ ತಪ್ಪಿದರೆ ನಿನ್ನನ್ನು ನಾಟ್ರಾಂಪಾಳ್ಯಕ್ಕೆ ವರ್ಗ ಮಾಡುತ್ತೇವೆ ಎಂದು ಮೇಲಧಿಕಾರಿಗಳು ಕಾಗದ ಬರೆದರು. ಅಂಚೆಟ್ಟಿಯ ಆಚೆ, ಬೆಟ್ಟದ ಕಾಡಿನಲ್ಲಿ, ಮಳೆ ಅಳೆಯುವ ಡಬ್ಬ ಕಾಯುವ ಕೆಲಸ. ಬಂದ ಕಾಗದವನ್ನೆಲ್ಲ ಹೆಂಡತಿಗೆ ಓದಿ ಹೇಳುವ ಚಟ ನನ್ನದು, ಅದನ್ನೂ ಓದಿದೆ. "ಆನೆ ತಿರುಗೋ ಊರಿಗೆ ನಾನು ಬರೋಲ್ಲ ಅಂದ್ರೆ ಬರೋಲ್ಲ. ನೀವು ಹೋಗಿ, ವಾರಕ್ಕೊಂದು ಕಾಗದ ಹಾಕಿ," ಎಂದಳು.

ಇಷ್ಟರಲ್ಲಿ ಆಯುಧಪೂಜೆ ಬಂತು. ಹೆಂಡತಿ ಈಳಿಗೆಮಣೆ, ಒನಕೆ, ಕತ್ತರಿಗಳನ್ನು ತೊಳೆದು ಸಾಲಾಗಿ ಇಟ್ಟು, "ನಿಮ್ಮ ಆಯುಧ ಯಾವುದು?" ಎಂದು ಕೇಳಿದಳು. ಪೆನ್ನು ಎನ್ನಬಹುದಾಗಿತ್ತು. ಆದರೆ ನನ್ನ ತಲೆಗೆ ಉತ್ಸಾಹ ಏರಿತ್ತು. ಕಂಬದ ಬಣ್ಣ ಮಾಸಿ ಹೋಗಿ, ಹೊಸ ಬಣ್ಣ ಕೇಳಿದರೆ ಯುದ್ಧ ಮುಗಿಯಲಿ ಎಂದು ಉತ್ತರ ಬಂದಿತ್ತು. ನಾನೇ ಪಂಚೆ ಎತ್ತಿ ಕಟ್ಟಿ ಹೊಳೆಗಿಳಿದು, ಕಂಬಕ್ಕೆ ಎರಡು ಕೈ ಸುಣ್ಣ ಬಳಿದೆ. ಅರಿಶಿನ ಹಚ್ಚಿದೆ. ಕುಂಕುಮವಿಟ್ಟೆ. ಬೂದುಗುಂಬಳ ಒಡೆದೆ. ದೂರ ನಿಂತು ನೋಡಿದರೆ ಕಂಬ ಮದುಮಗನಂತೆ ಕಾಣುತ್ತಿತ್ತು. ಅದರ ಮೈಮೇಲೆ ಒಂದೇ ಒಂದು ಅಂಕಿ ಉಳಿದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಒಬ್ಬಟ್ಟಿನ ಊಟ ಮುಗಿದು ಎಲೆಅಡಿಕೆ ಹಾಕಿಕೊಳ್ಳುವಾಗ.

ಆ ಹೊತ್ತಿಗೇ ಮುನಿಯಕ್ಕ ಕೂಗಿದಳು. ಮುನಿಯಕ್ಕ ಊರಿನ ಬಟ್ಟೆ ಒಗೆಯುವವಳು. ನೀರಿನಿಂದ ದಡದವರೆಗೆ ಮೆಟ್ಟಿಲಿನ ಹಾಗೆ ಅವಳ ಒಗೆಯುವ ಕಲ್ಲುಗಳಿದ್ದವು. ಹೊಳೆ ಏರಿದ ಹಾಗೆಲ್ಲ ಅವಳು ಒಂದೊಂದೇ ಕಲ್ಲು ಮೇಲಕ್ಕೆ ಬರುತ್ತಿದ್ದಳು.

"ಸ್ವಾಮ್ಯೋರೆ, ಬನ್ರಪ್ಪಾ! ಹೊಳೆ ಬಣ್ಣ ತಿರುಗ್ಬುಡ್ತು!"

ಓಡಿದೆ. ನೀರು ಕೆಂಪಗಾಗಿತ್ತು. "ಎಷ್ಟು ಅಡಿ ಬರಬಹುದು ಮುನಿಯಕ್ಕ?"

"ಅಡೀಗಿಡೀ ನಂಗೇನು ಗೊತ್ತು? ಇದು ನಂದಿ ಕಡೇ ನೀರು. ನೊರೆ ನೋಡಿ, ಕಸಕಡ್ಡಿ ನೋಡಿ. ದೀಪ ಹಚ್ಚೋ ಹೊತ್ಗೆ ನನ್ನ ನಾಲ್ಕನೇ ಕಲ್ಲು ಮುಳುಗೋಗ್ತದೆ," ಎಂದವಳೇ ಒಣಹಾಕಿದ್ದ ಬಟ್ಟೆಯನ್ನೆಲ್ಲ ಕತ್ತೆಯ ಮೇಲೆ ಹೇರಿ, "ನಡೀಲಾ, ನಿಂಗೂ ಹಬ್ಬವಾ?" ಎಂದು ಅದನ್ನು ಗದರಿಸಿದಳು. ನಾನೂ ನಡೆದೆ.

ನಾಲ್ಕನೇ ಕಲ್ಲಿನ ತಲೆಯಿಂದ ಸುಣ್ಣದ ಕಂಬಕ್ಕೆ ಕಣ್ಣಳತೆ ಹಾಕಿ, ಒಂಬತ್ತು ಅಡಿ ಎಂದುಕೊಂಡೆ. ಬರೀ ಒಂಬತ್ತು ಎಂದರೆ ಊಹೆ ಎಂದು ತಿಳಿದುಹೋಗುತ್ತದೆ. ಆದ್ದರಿಂದ ಮೂರು ಅಂಗುಲ ಸೇರಿಸಿ, ಸೈಕಲ್ಲು ಹತ್ತಿದೆ. ಹೊಸೂರಿನಲ್ಲಿ ತಂತಿಯ ಗುಮಾಸ್ತರು ತಮ್ಮ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ ಎದುರಿಗೆ ಕೈಕಟ್ಟಿ ಕುಳಿತಿದ್ದರು. "ಇನ್ನಿಕ್ಕಿ ಮೆಷಿನೆ ತೊಡಕ್ಕೂಡಾದು ಸಾರ್," ಎಂದರು. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದಂತೆ! ನಾನು ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳದ ಜಾಗಕ್ಕೆ ತೆಲುಗು ಸೇರಿಸಿ, ಹೊಳೆ ಹಬ್ಬ ಮಾಡುತ್ತಿಲ್ಲ, ಕಟ್ಟೆ ಒಡೆದರೆ ಊರು ಹೋಗುತ್ತದೆ, ನನ್ನ ಸಂಸಾರವೂ ಹೋಗುತ್ತದೆ ಎಂದು ಹೇಳಿದೆ. ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಅವರಿಗೆ ಕಟ್ಟೆ ಅರ್ಥವಾಯಿತೋ ಸಂಸಾರ ಅರ್ಥವಾಯಿತೋ, ಎರಡು ಕೆನ್ನೆ ಬಡಿದುಕೊಂಡು, ಯಂತ್ರದ ಕ್ಷಮೆ ಕೇಳಿ, ಕುಂಕುಮ ಅಳಿಸದ ಹಾಗೆ ಒಂದೇ ಬೆರಳಿನಲ್ಲಿ ಟಕಟಕ ಎನ್ನಿಸಿದರು.

ದೀಪ ಹಚ್ಚುವ ಹೊತ್ತಿಗೆ ನಾನು ದಡದಲ್ಲಿ ನಿಂತಿದ್ದೆ. ಮೂರನೇ ಕಲ್ಲು ಆಗಲೇ ಹೋಗಿತ್ತು. ನಾಲ್ಕನೆಯದರ ಬುಡಕ್ಕೆ ನೀರು ಬಂದು ಅಲ್ಲಿಯೇ ನಿಂತ ಹಾಗೆ ಕಂಡಾಗ ನನ್ನ ಎದೆಯೂ ನಿಂತಿತು. ಬಾರಮ್ಮ, ಇನ್ನೊಂದು ಗೇಣು ಬಾರಮ್ಮ ಎಂದು ಪ್ರವಾಹವನ್ನು ಕೈಮುಗಿದು ಕರೆದ ಸರ್ಕಾರಿ ನೌಕರ ನಾನೊಬ್ಬನೇ ಇರಬೇಕು. ಗುಳುಕ್ ಎಂದು ಕಲ್ಲು ಮುಳುಗಿತು. ನಾನು ಪಂಚೆ ಎತ್ತಿಕೊಂಡು ಕುಣಿದೆ. ಹೆಂಡತಿ ಬಾಗಿಲಿನಿಂದ ನೋಡಿ ಒಳಗೆ ಹೋದಳು.

ಕಟ್ಟೆ ಉಳಿಯಿತು. ಅಂಗುಲವೂ ತಪ್ಪದ ಲೆಕ್ಕ ಎಂದು ಹೊಗಳಿ ಕಾಗದ ಬಂತು. ಹಿಂದೆಯೇ ಮೇಲಧಿಕಾರಿಗಳೂ ಬಂದು, "ನಾಳೆ ಹೇಗಪ್ಪ?" ಎಂದು ಕೇಳಿದರು. ನಾನು ಹೊಳೆಯನ್ನು ನೋಡುವವನ ಹಾಗೆ ಮುನಿಯಕ್ಕನನ್ನು ನೋಡಿದೆ. ಅವಳು ಕೆಳಗಿನ ಮರಳಿನ ಮೇಲೆ ಹಾಯಾಗಿ ಸೀರೆ ಹರಡುತ್ತಿದ್ದಳು. "ಇಳಿಯುತ್ತದೆ ಸಾರ್," ಎಂದೆ. ಇಳಿಯಿತು. ಇದೆಲ್ಲ ಹೇಗೆ ತಿಳಿಯುತ್ತದೆ ಎಂದಾಗ "ಅನುಭವ ಸಾರ್" ಎಂದೆ. ಯಾರ ಅನುಭವ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಹತ್ತು ದಿನ ಕಳೆದಿರಬೇಕು. ಮುನಿಯಕ್ಕ ಗಂಟು ಹಿಡಿದು ಬಾಗಿಲಿಗೆ ಬಂದಳು. "ಸ್ವಾಮ್ಯೋರೆ, ಮಗಳಿಗೆ ದಿನ ತುಂಬೈತೆ. ಅವಳೂರು ಆಲಸನತ್ತಕ್ಕೆ ಹೋಗಿ ಬಾಣಂತನ ಮುಗಿಸ್ಕೊಂಡು ಬತ್ತೀನಿ."

"ಅಯ್ಯೋ, ಮಳೆ ಬರೋ ಹೊತ್ತಲ್ಲೇ?"

"ಕೂಸು ಮಳೆ ನೋಡ್ಕೊಂಡು ಬತ್ತದಾ?" ಎಂದು ನಕ್ಕು ಹೊರಟೇಬಿಟ್ಟಳು.

ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಅವಳು ಬರುವವರೆಗೆ ಈ ಹೊಳೆ ಬೇರೆ ಯಾರದಾದರೂ ತಲೆಯ ಮೇಲಿರಲಿ ಎಂದು ಗಾಬರಿಯಲ್ಲೇ ಒಂದು ರಜಾ ಅರ್ಜಿ ಬರೆದು ಕಳುಹಿಸಿದೆ. ಕಾರಣ ಎಂಬ ಜಾಗದಲ್ಲಿ, ಮನಸ್ಸಿನಲ್ಲಿದ್ದುದನ್ನೇ, ಬಾಣಂತನ ಎಂದು ಬರೆದಿದ್ದೆ. ಮೂರನೇ ದಿನ ಕಚೇರಿಯಿಂದ ಉತ್ತರ ಬಂತು. ಚಟ ನೋಡಿ, ಲಕೋಟೆ ಹರಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ: ತಾವು ಹೋಗಬೇಕಾಗಿರುವುದು ಯಾರ ಬಾಣಂತನಕ್ಕೆ ಎಂಬುದನ್ನು ಕೂಡಲೇ ತಿಳಿಸತಕ್ಕದ್ದು.

ಹೆಂಡತಿ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿ, "ಅದೇ, ಯಾರದು?" ಎಂದಳು.